‘ಮೊದಲೆಲ್ಲ’ ಸೇರಿಸಿ ನೋಡಿ: ‘ಯೂಸ್ಡ್ ಟು’ ತಪ್ಪಿಲ್ಲದೆ ಬಳಸುವ ಬಗೆ

ನನ್ನ ಸೋದರತ್ತೆ ಮಗಳ ಬಾಣಂತನಕ್ಕೆಂದು ಇಂಗ್ಲೆಂಡಿಗೆ ಹೋಗಿದ್ದರು. ಹೋದ ಎರಡನೇ ವಾರಕ್ಕೇ ತಲೆಸುತ್ತು ಬಂದು ಡಾಕ್ಟರ ಬಳಿ ಹೋಗಬೇಕಾಯಿತು. ಬಿಪಿಗೆ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಅಲ್ಲಿನ ಡಾಕ್ಟರು ಕೇಳಿದರು. ಅತ್ತೆ ಮೂವತ್ತು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವರು, ಇಂಗ್ಲಿಷ್ ಎಂದರೆ ಹಿಂಜರಿಯುವವರಲ್ಲ. ‘ಯೆಸ್ ಡಾಕ್ಟರ್, ಐ ಯೂಸ್ಡ್ ಟು ಟೇಕ್ ಒನ್ ಟ್ಯಾಬ್ಲೆಟ್ ಎವ್ರಿ ಮಾರ್ನಿಂಗ್’ ಎಂದರು. ಡಾಕ್ಟರ ಮುಖ ಬಿಗಿಯಿತು. ಯಾವಾಗ ನಿಲ್ಲಿಸಿದಿರಿ, ಯಾರು ನಿಲ್ಲಿಸಲು ಹೇಳಿದರು, ನಿಲ್ಲಿಸಿದ ಮೇಲೆ ಬಿಪಿ ನೋಡಿಸಿಕೊಂಡಿರಾ ಎಂದು ಒಂದರ ಮೇಲೊಂದು ಪ್ರಶ್ನೆ. ಅತ್ತೆಗೆ ತಲೆಬುಡ ತಿಳಿಯಲಿಲ್ಲ. ಅವತ್ತು ಬೆಳಿಗ್ಗೆಯೂ ಮಾತ್ರೆ ನುಂಗಿಯೇ ಮನೆಯಿಂದ ಹೊರಟಿದ್ದರು. ಜೊತೆಯಲ್ಲಿದ್ದ ಅಳಿಯ ‘ಶಿ ಸ್ಟಿಲ್ ಟೇಕ್ಸ್ ಇಟ್’ ಎಂದು ಹೇಳಿದ ಮೇಲೆ ಮಾತು ಹಾದಿಗೆ ಬಂತು. ಅಳಿಯ ಜೊತೆಗಿಲ್ಲದಿದ್ದರೆ ಆ ಡಾಕ್ಟರು ಇನ್ನೊಂದು ಮಾತ್ರೆ ಬರೆದುಕೊಡುತ್ತಿದ್ದರೋ ಏನೋ ಎಂದು ನೆನೆದರೆ ನನಗೆ ಈಗಲೂ ಅಳುಕಾಗುತ್ತದೆ.

ಇಪ್ಪತ್ತು ವರ್ಷಗಳಿಂದ ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ಸಂಜೆ ಹೊತ್ತು ಕೆಲಸಕ್ಕೆ ಅರ್ಜಿ ಹಾಕಿದ ಹುಡುಗ ಹುಡುಗಿಯರು ಮಾತು ಕಲಿಯಲು ಬರುತ್ತಾರೆ. ಅತ್ತೆ ಮಾಡಿದ ತಪ್ಪನ್ನು ವಾರಕ್ಕೆ ಒಮ್ಮೆಯಾದರೂ ಯಾರದೋ ಬಾಯಲ್ಲಿ ಕೇಳುತ್ತೇನೆ. ಬುದ್ಧಿವಂತರೇ ಮಾಡುತ್ತಾರೆ, ಚೆನ್ನಾಗಿ ಓದಿಕೊಂಡವರೇ ಮಾಡುತ್ತಾರೆ. ಅವರ ಜಾಣತನ ಕಮ್ಮಿಯೆಂದು ಅಲ್ಲ, ನಮಗೆ ಇದನ್ನು ಹೇಳಿಕೊಟ್ಟ ರೀತಿಯಲ್ಲೇ ಕೊರತೆಯಿದೆ. ‘ಯೂಸ್ಡ್ ಟು’ ಎಂದರೆ ‘ರೂಢಿ’ ಎಂದು ನೋಟ್ಸಿನಲ್ಲಿ ಒಂದು ಸಾಲು ಬರೆಸಿ ಮುಂದಿನ ಪಾಠಕ್ಕೆ ಹೋಗಿಬಿಡುತ್ತಾರೆ. ಕನ್ನಡದ ‘ರೂಢಿ’ಗೆ ಇಂಗ್ಲಿಷಿನಲ್ಲಿ ನಾಲ್ಕೈದು ಬಾಗಿಲುಗಳಿವೆ. ಯಾವ ಬಾಗಿಲಿಂದ ಒಳಗೆ ಹೋಗಬೇಕೆಂದು ನಮ್ಮ ಕನ್ನಡವೇ ದಾರಿ ತೋರಿಸುತ್ತದೆ. ಈ ಲೇಖನದಲ್ಲಿ ಆ ದಾರಿಯಲ್ಲೇ ಒಂದೊಂದು ಹೆಜ್ಜೆ ಇಡೋಣ.

ಹೆಜ್ಜೆ 1: ಮುಗಿದುಹೋದ ಸಂಗತಿಯೇ ಎಂದು ಕೇಳಿಕೊಳ್ಳಿ

‘ಯೂಸ್ಡ್ ಟು’ ಆದ ಮೇಲೆ ಕ್ರಿಯಾಪದದ ಮೂಲರೂಪ ಬಂದರೆ (ಗೋ, ಈಟ್, ಲಿವ್, ಬಿ) ಅದರ ಅರ್ಥ ಒಂದೇ: ಮೊದಲು ಹಾಗಿತ್ತು, ಈಗ ಹಾಗಿಲ್ಲ. ಕೇಳಿದವರ ಮನಸ್ಸಿನಲ್ಲಿ ‘ಈಗಿಲ್ಲ’ ಎಂಬ ಅರ್ಧ ತಾನಾಗಿಯೇ ಮೂಡುತ್ತದೆ, ನೀವು ಬಾಯಿಬಿಟ್ಟು ಹೇಳಬೇಕಿಲ್ಲ. ಆ ಡಾಕ್ಟರು ಕೇಳಿಸಿಕೊಂಡದ್ದು ಈ ಅರ್ಧವನ್ನೇ.

ನಮ್ಮ ಕಣ್ಣೆದುರೇ ಮುಗಿದ ಸಂಗತಿಗಳನ್ನು ತೆಗೆದುಕೊಂಡರೆ ಇದು ಚೆನ್ನಾಗಿ ನಾಟುತ್ತದೆ. ಜನ ಸಾವಿನ ಸುದ್ದಿಗೂ ಕೆಲಸ ಸಿಕ್ಕ ಸುದ್ದಿಗೂ ಟೆಲಿಗ್ರಾಂ ಕಳಿಸುತ್ತಿದ್ದರು. 2013ರ ಜುಲೈನಲ್ಲಿ ಭಾರತದಲ್ಲಿ ಆ ಸೇವೆ ನಿಂತುಹೋಯಿತು. ಹಾಗಾಗಿ ‘ಪೀಪಲ್ ಯೂಸ್ಡ್ ಟು ಸೆಂಡ್ ಟೆಲಿಗ್ರಾಮ್ಸ್’. ನಾಲ್ಕಾಣೆ ಎಂದು ನಾವು ಕರೆಯುತ್ತಿದ್ದ 25 ಪೈಸೆ ನಾಣ್ಯದ ಚಲಾವಣೆ 2011ರ ಜೂನ್ 30ಕ್ಕೆ ಮುಗಿಯಿತು: ‘ವಿ ಯೂಸ್ಡ್ ಟು ಬೈ ಪೆಪ್ಪರ್‌ಮಿಂಟ್ಸ್ ವಿತ್ ಟ್ವೆಂಟಿಫೈವ್ ಪೈಸೆ’. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು: ‘ಥೌಸಂಡ್ಸ್ ಆಫ್ ಪೀಪಲ್ ಯೂಸ್ಡ್ ಟು ವರ್ಕ್ ಇನ್ ದಿ ಮೈನ್ಸ್’.

ಕೆಲಸವೇ ಆಗಬೇಕೆಂದಿಲ್ಲ, ಸ್ಥಿತಿಯೂ ಆಗಬಹುದು. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದಕ್ಕೂ ಮೊದಲಿನದು ‘ಕರ್ನಾಟಕ ಯೂಸ್ಡ್ ಟು ಬಿ ಕಾಲ್ಡ್ ಮೈಸೂರ್ ಸ್ಟೇಟ್’. ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುತ್ತ ನಿಂತಿರುವವರ ಕಾಲಡಿ ಒಂದು ಕಾಲದಲ್ಲಿ ಧರ್ಮಾಂಬುಧಿ ಕೆರೆಯಿತ್ತು: ‘ದೇರ್ ಯೂಸ್ಡ್ ಟು ಬಿ ಎ ಲೇಕ್ ಹಿಯರ್’. ಈ ‘ದೇರ್ ಯೂಸ್ಡ್ ಟು ಬಿ’ ಎಂಬುದನ್ನು ಇಡಿಯಾಗಿ ಬಾಯಿಪಾಠ ಮಾಡಿಕೊಳ್ಳಿ. ಊರು ಬದಲಾದದ್ದರ ಬಗ್ಗೆ ಮಾತಾಡುವಾಗ ಇದರಷ್ಟು ಕೆಲಸಕ್ಕೆ ಬರುವ ಮಾತು ಇನ್ನೊಂದಿಲ್ಲ.

ಮೊದಲೂ ಮಾಡುತ್ತಿದ್ದಿರಿ, ಈಗಲೂ ಮಾಡುತ್ತೀರಿ ಎಂದಾದರೆ? ಆಗ ‘ಆಂಡ್ ಐ ಸ್ಟಿಲ್ ಡೂ’ ಎಂದು ಬಾಲ ಸೇರಿಸಲೇಬೇಕು. ಸೇರಿಸದಿದ್ದರೆ ಬಿಟ್ಟುಬಿಟ್ಟಿದ್ದೀರಿ ಎಂದೇ ಲೆಕ್ಕ.

ಹೆಜ್ಜೆ 2: ‘ಮೊದಲೆಲ್ಲ’ ಕೂರುತ್ತದೆಯೇ ನೋಡಿ

ನಮಗೆ ಎಡವಟ್ಟಾಗುವ ಮೊದಲ ಜಾಗ ಕನ್ನಡದ ‘ತ್ತಿದ್ದೆ’. ಈ ಎರಡು ವಾಕ್ಯಗಳನ್ನು ನಿಧಾನಕ್ಕೆ ಓದಿ:

ನಿನ್ನೆ ಸಂತೆಗೆ ಹೋಗುತ್ತಿದ್ದೆ, ದಾರಿಯಲ್ಲಿ ಮೇಷ್ಟ್ರು ಸಿಕ್ಕಿದರು.
ಚಿಕ್ಕವಳಿದ್ದಾಗ ಪ್ರತಿ ಮಂಗಳವಾರ ಅಜ್ಜನ ಜೊತೆ ಸಂತೆಗೆ ಹೋಗುತ್ತಿದ್ದೆ.

ಎರಡರಲ್ಲೂ ‘ಹೋಗುತ್ತಿದ್ದೆ’. ಮೊದಲನೆಯದರಲ್ಲಿ ನಾನು ಆ ಕ್ಷಣಕ್ಕೆ ದಾರಿಯಲ್ಲಿದ್ದೆ. ಎರಡನೆಯದು ವಾರ ವಾರ ನಡೆದು, ಈಗ ನಿಂತುಹೋದದ್ದು. ಕನ್ನಡಕ್ಕೆ ಒಂದೇ ರೂಪ ಸಾಕು, ಉಳಿದದ್ದು ಸಂದರ್ಭದಿಂದ ಗೊತ್ತಾಗುತ್ತದೆ. ಇಂಗ್ಲಿಷಿಗೆ ಎರಡು ಬೇಕು: ಮೊದಲನೆಯದು ‘ಐ ವಾಸ್ ಗೋಯಿಂಗ್’, ಎರಡನೆಯದು ‘ಐ ಯೂಸ್ಡ್ ಟು ಗೋ’. ‘ಇನ್ ಮೈ ಚೈಲ್ಡ್‌ಹುಡ್ ಐ ವಾಸ್ ಗೋಯಿಂಗ್ ಟು ದಿ ಮಾರ್ಕೆಟ್ ಎವ್ರಿ ಟ್ಯೂಸ್‌ಡೇ’ ಎಂದು ನಮ್ಮ ಮಕ್ಕಳು ಬರೆಯುವುದು ಈ ‘ತ್ತಿದ್ದೆ’ಯನ್ನು ನೇರವಾಗಿ ಎತ್ತಿಟ್ಟುಕೊಂಡದ್ದರಿಂದ.

ಬಿಡಿಸಿಕೊಳ್ಳುವ ಉಪಾಯ ಮನೆಯಲ್ಲೇ ಇದೆ. ನಿಮ್ಮ ಕನ್ನಡ ವಾಕ್ಯದ ಮುಂದೆ ‘ಮೊದಲೆಲ್ಲ’ ಅಥವಾ ‘ಆಗೆಲ್ಲ’ ಸೇರಿಸಿ ಹೇಳಿ ನೋಡಿ. ‘ಆಗೆಲ್ಲ ಪ್ರತಿ ಮಂಗಳವಾರ ಸಂತೆಗೆ ಹೋಗುತ್ತಿದ್ದೆ’ ಎಂಬುದು ಸಲೀಸಾಗಿ ಕೂರುತ್ತದೆ. ‘ಆಗೆಲ್ಲ ನಿನ್ನೆ ಸಂತೆಗೆ ಹೋಗುತ್ತಿದ್ದೆ’ ಎಂದರೆ ನಾಲಿಗೆಯೇ ತಡೆಯುತ್ತದೆ. ‘ಆಗೆಲ್ಲ’ ಕೂತರೆ ‘ಯೂಸ್ಡ್ ಟು’. ಕೂರದೆ, ‘ಆ ಹೊತ್ತಿನಲ್ಲಿ’ ಕೂತರೆ ‘ವಾಸ್’ ಮತ್ತು ‘ಇಂಗ್’. ‘ಆಗ’ಕ್ಕೆ ಅಂಟಿಕೊಂಡಿರುವ ಆ ಪುಟ್ಟ ‘ಎಲ್ಲ’ವೇ ರೂಢಿಯ ಗುರುತು. ವ್ಯಾಕರಣದ ಯಾವ ಕೋಷ್ಟಕವೂ ಮಾಡದಷ್ಟು ಕೆಲಸವನ್ನು ಈ ಒಂದು ‘ಎಲ್ಲ’ ನನ್ನ ತರಗತಿಯಲ್ಲಿ ಮಾಡಿದೆ.

ಸಾದಾ ಭೂತಕಾಲವೂ ತಪ್ಪಲ್ಲ. ‘ಐ ವೆಂಟ್ ಟು ದಿ ಮಾರ್ಕೆಟ್ ಎವ್ರಿ ಟ್ಯೂಸ್‌ಡೇ’ ಎಂದರೂ ಸರಿಯೇ. ಆದರೆ ‘ಈಗ ಹೋಗುವುದಿಲ್ಲ’ ಎಂಬ ಧ್ವನಿ ಬೇಕೆಂದರೆ ‘ಯೂಸ್ಡ್ ಟು’ವೇ ಬೇಕು.

ಹೆಜ್ಜೆ 3: ಈಗಿನ ರೂಢಿಗೆ ಇದನ್ನು ಮುಟ್ಟಲೇಬೇಡಿ

ಒಂದೇ ಒಂದು ಹೆಜ್ಜೆಗೆ ವೇಳೆ ಇದೆ ಎನ್ನುವವರು ಇದನ್ನು ಓದಿ. ಅತ್ತೆ ಎಡವಿದ್ದು ಇಲ್ಲಿ. ನಮ್ಮಲ್ಲಿ ಹತ್ತಕ್ಕೆ ಎಂಟು ಮಂದಿ ಎಡವುವುದೂ ಇಲ್ಲೇ ಎಂದು ನನ್ನ ಅನುಭವ.

ಹೋದ ತಿಂಗಳು ಒಬ್ಬ ಹುಡುಗನಿಗೆ ಸಂದರ್ಶನದ ತಾಲೀಮು ಮಾಡಿಸುತ್ತಿದ್ದೆ. ದಿನ ಬೆಳಗಾದರೆ ಎದ್ದು ಕೋಡ್ ಬರೆಯುವ ಹುಡುಗ. ನಿನ್ನ ದಿನಚರಿ ಹೇಳಪ್ಪ ಎಂದೆ. ‘ಐ ಯೂಸ್ಡ್ ಟು ವೇಕ್ ಅಪ್ ಅಟ್ ಫೈವ್, ಐ ಯೂಸ್ಡ್ ಟು ಪ್ರಾಕ್ಟೀಸ್ ಕೋಡಿಂಗ್ ಫಾರ್ ಟೂ ಅವರ್ಸ್’ ಎಂದ. ‘ಹಾಗಾದರೆ ಯಾಕೆ ಬಿಟ್ಟೆ?’ ಎಂದು ಕೇಳಿದೆ. ‘ಬಿಟ್ಟಿಲ್ಲ ಮೇಡಂ, ಇವತ್ತೂ ಮಾಡಿ ಬಂದಿದೀನಿ’ ಎಂದು ಕಣ್ಣರಳಿಸಿದ. ಅವನ ಅಷ್ಟು ದಿನದ ಶ್ರದ್ಧೆಯನ್ನೆಲ್ಲ ಎರಡು ಪದ ಅಳಿಸಿಹಾಕುತ್ತಿತ್ತಲ್ಲ ಎಂದು ನನಗೆ ಸಂಕಟವಾಯಿತು. ಎದುರು ಕೂತ ಸಂದರ್ಶಕರು ಬಿಡಿಸಿ ಕೇಳುವುದೂ ಇಲ್ಲ. ‘ಮೊದಲು ಮಾಡುತ್ತಿದ್ದನಂತೆ, ಈಗ ಬಿಟ್ಟಿದ್ದಾನೆ’ ಎಂದುಕೊಂಡು ಮುಂದಿನ ಪ್ರಶ್ನೆಗೆ ಹೋಗುತ್ತಾರೆ.

ಯಾಕೆ ಹೀಗಾಗುತ್ತದೆ? ‘ಐದಕ್ಕೆ ಏಳುತ್ತೇನೆ’ ಎಂದರೆ ಕನ್ನಡದಲ್ಲಿ ದಿನಾ ಏಳುತ್ತೇನೆ ಎಂದೂ ಆಗುತ್ತದೆ, ನಾಳೆ ಏಳುತ್ತೇನೆ ಎಂದೂ ಆಗುತ್ತದೆ. ಹಾಗಾಗಿ ‘ಐ ವೇಕ್ ಅಪ್ ಅಟ್ ಫೈವ್’ ಎಂಬ ಬರಿಯ ವಾಕ್ಯಕ್ಕೆ ‘ದಿನಾ’ ಎನ್ನುವ ಕಸುವು ಸಾಲದು ಎಂದು ನಮಗೆ ಒಳಗೊಳಗೇ ಅನ್ನಿಸುತ್ತದೆ. ಜೊತೆಗೆ ‘ಯೂಸ್ಡ್ ಟು ಎಂದರೆ ರೂಢಿ’ ಎಂಬ ಹಳೆಯ ನೋಟ್ಸಿನ ಸಾಲು ತಲೆಯಲ್ಲಿ ಕೂತಿರುತ್ತದೆ. ಎರಡೂ ಕೂಡಿ ಕೆಲಸ ಕೆಡಿಸುತ್ತವೆ. ಆದರೆ ಇಂಗ್ಲಿಷಿನಲ್ಲಿ ಆ ಬರಿಯ ವಾಕ್ಯವೇ ದಿನನಿತ್ಯದ ರೂಢಿಯನ್ನು ಹೇಳುವ ರೂಪ. ಅದಕ್ಕೆ ಯಾವ ಊರುಗೋಲೂ ಬೇಡ. ಒತ್ತು ಬೇಕೆನ್ನಿಸಿದರೆ ‘ಎವ್ರಿ ಡೇ’ ಸೇರಿಸಿ, ಇಲ್ಲವೇ ಕ್ರಿಯಾಪದದ ಮುಂದೆ ‘ಯೂಶುವಲಿ’ ಹಾಕಿ: ‘ಐ ಯೂಶುವಲಿ ವೇಕ್ ಅಪ್ ಅಟ್ ಫೈವ್’. ‘ಯೂಸ್ಡ್ ಟು’ ಹೇಳಲು ಹೊರಟ ನಾಲಿಗೆಯನ್ನು ‘ಯೂಶುವಲಿ’ಯತ್ತ ತಿರುಗಿಸುವುದು ಸುಲಭ. ಎರಡೂ ಶುರುವಾಗುವುದು ‘ಯೂ’ನಿಂದಲೇ ತಾನೇ.

‘ಐ ಯೂಸ್ ಟು ವೇಕ್ ಅಪ್’ ಎಂದು ಡಿ ಅಕ್ಷರ ತೆಗೆದು ವರ್ತಮಾನ ಮಾಡಿಕೊಳ್ಳುವವರೂ ಇದ್ದಾರೆ. ಕೆಲವು ಶತಮಾನಗಳ ಹಿಂದಿನ ಇಂಗ್ಲಿಷಿನಲ್ಲಿ ಹಾಗೆ ಹೇಳುವುದಿತ್ತು, ಈಗ ಆ ರೂಪ ಸತ್ತುಹೋಗಿದೆ. ಇಂದಿನ ಇಂಗ್ಲಿಷಿನಲ್ಲಿ ಇದಕ್ಕೆ ಉಳಿದಿರುವುದು ಭೂತಕಾಲ ಮಾತ್ರ.

ಹೆಜ್ಜೆ 4: ಪ್ರಶ್ನೆ ಮತ್ತು ‘ಇಲ್ಲ’

ಇದು ಸಣ್ಣ ವಿಷಯ, ಬೇಗ ಮುಗಿಸೋಣ. ಪ್ರಶ್ನೆ ಕೇಳುವಾಗ ‘ಡಿಡ್’ ಬರುತ್ತದೆ, ಅದು ಬಂದ ಮೇಲೆ ‘ಯೂಸ್ಡ್’ನ ಕೊನೆಯ ಡಿ ಬಿಡಬೇಕು. ‘ಡಿಡ್ ಯು ಯೂಸ್ ಟು ಲಿವ್ ಇನ್ ಧಾರವಾಡ?’ ಎಂದರೆ ಮೊದಲು ಧಾರವಾಡದಲ್ಲಿದ್ದಿರಾ ಎಂದು. ಕಿವಿಗೆ ಎರಡೂ ಒಂದೇ ಕೇಳುವುದರಿಂದ ಮಾತಿನಲ್ಲಿ ಚಿಂತೆಯಿಲ್ಲ. ಬರೆಯುವಾಗ, ಅದರಲ್ಲೂ ಪರೀಕ್ಷೆಯಲ್ಲಿ, ನೋಡಿಕೊಳ್ಳಿ.

‘ಮೊದಲೆಲ್ಲ ನಾವು ಹೋಟೆಲಿಗೆ ಹೋಗುತ್ತಿರಲಿಲ್ಲ’ ಎಂಬುದು ‘ವಿ ಡಿಡಂಟ್ ಯೂಸ್ ಟು ಗೋ ಟು ಹೋಟೆಲ್ಸ್’. ಇಲ್ಲಿ ಹೋಟೆಲ್ ಎಂದರೆ ನಮ್ಮ ಅರ್ಥದ ಊಟದ ಹೋಟೆಲ್. ಹೊರದೇಶದವರ ಜೊತೆ ಮಾತಾಡುವಾಗ ‘ಈಟ್ ಔಟ್’ ಎಂದುಬಿಡಿ, ಇಲ್ಲದಿದ್ದರೆ ಉಳಿದುಕೊಳ್ಳುವ ಲಾಡ್ಜ್ ಎಂದುಕೊಳ್ಳುತ್ತಾರೆ. ಡಿ ಇರಬೇಕೋ ಬೇಡವೋ ಎಂಬ ತಲೆನೋವೇ ಬೇಡ ಎನ್ನುವವರಿಗೆ ‘ನೆವರ್’ ಇದೆ: ‘ವಿ ನೆವರ್ ಯೂಸ್ಡ್ ಟು ಈಟ್ ಔಟ್’. ಡಿ ಉಳಿಯುತ್ತದೆ, ‘ಡಿಡ್’ ಬೇಕಿಲ್ಲ. ನಾನು ಮಾತಿನಲ್ಲಿ ಇದನ್ನೇ ಹೆಚ್ಚು ಬಳಸುತ್ತೇನೆ.

ಹೆಜ್ಜೆ 5: ‘ಅಭ್ಯಾಸ ಇತ್ತು’, ‘ಅಭ್ಯಾಸ ಆಗಿದೆ’ ಬೇರೆ ಮಾಡಿಕೊಳ್ಳಿ

ಈಗ ಎರಡನೆಯ ದೊಡ್ಡ ಬಾಗಿಲು. ‘ಯೂಸ್ಡ್ ಟು’ವಿನ ಮುಂದೆ ಆಮ್, ಈಸ್, ಆರ್, ವಾಸ್ ಇವುಗಳಲ್ಲಿ ಒಂದು ಬಂದು ಕೂತರೆ ಇಡೀ ಅರ್ಥವೇ ಬದಲಾಗುತ್ತದೆ. ‘ಐ ಯೂಸ್ಡ್ ಟು’ ಎಂಬುದಕ್ಕೂ ‘ಐ ಆಮ್ ಯೂಸ್ಡ್ ಟು’ ಎಂಬುದಕ್ಕೂ ಇರುವ ದೂರ ಕನ್ನಡದಲ್ಲಿ ‘ಅಭ್ಯಾಸ ಇತ್ತು’ ಮತ್ತು ‘ಅಭ್ಯಾಸ ಆಗಿದೆ’ ನಡುವಿನ ದೂರ. ಇದನ್ನು ನಾನು ಬೋರ್ಡಿನ ಮೇಲೆ ಹೀಗೆ ಬರೆಯುತ್ತೇನೆ:

ನಡೆದು ಹೋಗುವ ಅಭ್ಯಾಸ ಇತ್ತು: ‘ಐ ಯೂಸ್ಡ್ ಟು ವಾಕ್’.
ನಡೆದು ಹೋಗುವ ಅಭ್ಯಾಸ ಇದೆ: ‘ಐ ವಾಕ್ ಎವ್ರಿ ಡೇ’.
ನಡೆಯುವುದು ಅಭ್ಯಾಸ ಆಗಿದೆ: ‘ಐ ಆಮ್ ಯೂಸ್ಡ್ ಟು ವಾಕಿಂಗ್’.
ನಡೆಯುವುದು ಅಭ್ಯಾಸ ಆಗ್ತಾ ಇದೆ: ‘ಐ ಆಮ್ ಗೆಟ್ಟಿಂಗ್ ಯೂಸ್ಡ್ ಟು ವಾಕಿಂಗ್’.
ನಡೆಯುವುದು ಅಭ್ಯಾಸ ಆಯ್ತು: ‘ಐ ಗಾಟ್ ಯೂಸ್ಡ್ ಟು ವಾಕಿಂಗ್’.
ಆಮೇಲೆ ಅಭ್ಯಾಸ ಆಗುತ್ತೆ ಬಿಡಿ: ‘ಯು ವಿಲ್ ಗೆಟ್ ಯೂಸ್ಡ್ ಟು ಇಟ್’.

ಇತ್ತು, ಇದೆ, ಆಗಿದೆ, ಆಗ್ತಾ ಇದೆ, ಆಯ್ತು, ಆಗುತ್ತೆ. ನಮ್ಮ ಬಾಯಿಗೆ ದಿನವೂ ಬರುವ ಪದಗಳು ಇವು, ಒಂದನ್ನು ಇನ್ನೊಂದರ ಜಾಗದಲ್ಲಿ ನಾವು ಎಂದೂ ಇಡುವುದಿಲ್ಲ. ಕನ್ನಡದಲ್ಲಿ ಇಷ್ಟು ಕರಾರುವಾಕ್ಕಾಗಿ ಗೊತ್ತಿರುವುದನ್ನು ಇಂಗ್ಲಿಷಿಗೆ ಹೋಗುವಾಗ ಮಾತ್ರ ಕೈಬಿಡುತ್ತೇವೆ. ಮೊದಲು ಕನ್ನಡದಲ್ಲಿ ಕ್ರಿಯಾಪದ ಯಾವುದೆಂದು ಕೇಳಿಕೊಂಡು, ಆಮೇಲೆ ಇಂಗ್ಲಿಷಿಗೆ ಕೈ ಹಾಕಿ.

‘ಆಮ್ ಯೂಸ್ಡ್ ಟು’ ಎಂದರೆ ಒಂದು ಸಂಗತಿ ನಿಮಗೆ ಹೊಸದಲ್ಲ, ಕಷ್ಟವಲ್ಲ, ಒಗ್ಗಿಹೋಗಿದೆ ಎಂದು ಅರ್ಥ. ದಿನಾ ಮಾಡುತ್ತೀರಿ ಎಂದಲ್ಲ. ಕಲಬುರಗಿಯವರು ಬಿಸಿಲಿಗೆ ಒಗ್ಗಿದವರು: ‘ಪೀಪಲ್ ಇನ್ ಕಲಬುರಗಿ ಆರ್ ಯೂಸ್ಡ್ ಟು ದಿ ಹೀಟ್’. ಬಿಸಿಲು ಅವರು ಮಾಡುವ ಕೆಲಸವಲ್ಲ, ತಾಳಿಕೊಂಡು ಒಗ್ಗಿಸಿಕೊಂಡದ್ದು.

ಹೆಜ್ಜೆ 6: ‘ಟು’ ಎಂಬುದು ಇಲ್ಲಿ ನಮ್ಮ ‘ಗೆ’ ಎಂದು ಗುರುತಿಸಿ

‘ಐ ಆಮ್ ಯೂಸ್ಡ್ ಟು ಈಟಿಂಗ್’ ಎಂಬಲ್ಲಿ ‘ಇಂಗ್’ ಎಲ್ಲಿಂದ ಬಂತು ಎಂದು ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ‘ಟು’ ಆದ ಮೇಲೆ ಮೂಲರೂಪ ಬರಬೇಕೆಂದು ಅಷ್ಟು ವರ್ಷ ಹೇಳಿಕೊಟ್ಟು, ಇಲ್ಲಿ ಬೇಡವೆಂದರೆ ಯಾರಿಗೂ ಗೊಂದಲವೇ.

ಉತ್ತರ ನಮ್ಮ ವಿಭಕ್ತಿಯಲ್ಲಿದೆ. ಚಳಿಗೆ ಒಗ್ಗಿದ್ದೇನೆ, ಊಟಕ್ಕೆ ಒಗ್ಗಿದ್ದೇನೆ, ಗದ್ದಲಕ್ಕೆ ಒಗ್ಗಿದ್ದೇನೆ. ಈ ‘ಗೆ’ ಮತ್ತು ‘ಕ್ಕೆ’ಯೇ ಇಂಗ್ಲಿಷಿನ ಈ ‘ಟು’. ಅದರ ಜೊತೆ ಹೆಸರು ಬರಬೇಕು, ಕ್ರಿಯೆ ಬರುವಂತಿಲ್ಲ. ಕನ್ನಡದಲ್ಲೂ ‘ತಿನ್ನುಗೆ ಒಗ್ಗಿದ್ದೇನೆ’ ಎನ್ನುತ್ತೇವೆಯೇ? ಇಲ್ಲ. ‘ತಿನ್ನು’ವನ್ನು ‘ತಿನ್ನುವುದು’ ಎಂದು ಹೆಸರಾಗಿಸಿ, ಆಮೇಲೆ ‘ಕ್ಕೆ’ ಹಚ್ಚಿ, ‘ತಿನ್ನುವುದಕ್ಕೆ ಒಗ್ಗಿದ್ದೇನೆ’ ಎನ್ನುತ್ತೇವೆ. ಇಂಗ್ಲಿಷ್ ಮಾಡುವುದೂ ಇದನ್ನೇ. ‘ಈಟ್’ ಅನ್ನು ‘ಈಟಿಂಗ್’ ಎಂದು ಹೆಸರಾಗಿಸಿ ‘ಟು’ವಿನ ಪಕ್ಕ ಕೂರಿಸುತ್ತದೆ. ಒಗ್ಗುವ ಮಾತಿನಲ್ಲಿ ಕನ್ನಡದ ‘ವುದಕ್ಕೆ’ ಕೇಳಿಸಿದರೆ ಇಂಗ್ಲಿಷಿನಲ್ಲಿ ‘ಇಂಗ್’ ಹಾಕಿ. ತಪ್ಪುವುದೇ ಇಲ್ಲ.

ವಿಜಯಪುರ ಕಡೆಯಿಂದ ಮೈಸೂರಿನ ಹಾಸ್ಟೆಲಿಗೆ ಬಂದ ಒಬ್ಬ ಹುಡುಗಿ ನನ್ನ ತರಗತಿಯಲ್ಲಿದ್ದಳು. ಮನೆಯಲ್ಲಿ ಮೂರು ಹೊತ್ತೂ ರೊಟ್ಟಿ ಕಂಡವಳಿಗೆ ಇಲ್ಲಿ ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ, ರಾತ್ರಿ ಅನ್ನ. ಅವಳ ಒಂದು ವರ್ಷದ ಕಥೆಯನ್ನೇ ಅವಳಿಂದ ಇಂಗ್ಲಿಷಿನಲ್ಲಿ ಹೇಳಿಸಿದೆ. ಬಂದ ಹೊಸತರಲ್ಲಿ ‘ಐ ವಾಸಂಟ್ ಯೂಸ್ಡ್ ಟು ಈಟಿಂಗ್ ರೈಸ್ ಥ್ರೀ ಟೈಮ್ಸ್ ಎ ಡೇ’. ದೀಪಾವಳಿ ಹೊತ್ತಿಗೆ ‘ಐ ವಾಸ್ ಗೆಟ್ಟಿಂಗ್ ಯೂಸ್ಡ್ ಟು ಇಟ್’. ಈಗ ‘ಐ ಆಮ್ ಯೂಸ್ಡ್ ಟು ಇಟ್’. ಊರಿನ ನೆನಪು ಬಂದಾಗ ‘ಅಟ್ ಹೋಮ್ ಐ ಯೂಸ್ಡ್ ಟು ಈಟ್ ಜೋಳದ ರೊಟ್ಟಿ ಎವ್ರಿ ಡೇ’. ಕೊನೆಯ ವಾಕ್ಯದಲ್ಲಿ ‘ಈಟ್’, ಮೊದಲ ವಾಕ್ಯದಲ್ಲಿ ‘ಈಟಿಂಗ್’. ಒಂದು ಮುಗಿದ ರೂಢಿ, ಇನ್ನೊಂದು ಒಗ್ಗುವ ಮಾತು. ಈ ನಾಲ್ಕು ವಾಕ್ಯ ಹೇಳಿ ಮುಗಿಸಿದ ಮೇಲೆ ಅವಳು ಮತ್ತೆ ಎಂದೂ ತಪ್ಪಲಿಲ್ಲ. ತನ್ನದೇ ಬದುಕಿನ ವಾಕ್ಯ ಯಾರಿಗೂ ಮರೆಯುವುದಿಲ್ಲ.

‘ಐ ಆಮ್ ಯೂಸ್ಡ್ ಟು ಡ್ರಿಂಕ್ ಕಾಫಿ’ ಎಂಬುದು ನಮ್ಮ ನಡುವೆ ಬಹಳ ಓಡಾಡುವ ವಾಕ್ಯ. ಇದರಲ್ಲಿ ಎರಡು ದಾರಿಗಳು ಕಲಸಿಹೋಗಿವೆ. ನಿಮ್ಮ ಮನಸ್ಸಿನಲ್ಲಿರುವುದು ‘ಕಾಫಿ ಕುಡಿಯುವ ಅಭ್ಯಾಸ ಇದೆ’ ಎಂದಾದರೆ ‘ಐ ಡ್ರಿಂಕ್ ಕಾಫಿ’ ಅಷ್ಟೇ ಸಾಕು.

ಹೆಜ್ಜೆ 7: ಗಂಟಲ ಮೇಲೆ ಕೈಯಿಟ್ಟು ಉಚ್ಚರಿಸಿ

ಮೂರನೆಯ ‘ಯೂಸ್ಡ್ ಟು’ ಒಂದಿದೆ. ಅದಕ್ಕೂ ರೂಢಿಗೂ ಸಂಬಂಧವಿಲ್ಲ. ಯಾವುದೋ ಕೆಲಸಕ್ಕೆ ‘ಬಳಸುತ್ತಾರೆ’ ಎಂಬ ಅರ್ಥದ್ದು. ಮೂರನ್ನೂ ಒಂದೇ ವಸ್ತುವಿನ ಮೇಲೆ ಇಟ್ಟು ನೋಡೋಣ.

ನಮ್ಮ ಅಜ್ಜಿಯ ಮನೆಯಲ್ಲಿ ಹಲಸಿನ ಮರದ ಒಂದು ಈಳಿಗೆಮಣೆ ಇತ್ತು. ಮಣೆ ಕೂತು ಕೂತು ನುಣುಪಾಗಿ, ನಡುವೆ ತುಸು ತಗ್ಗಾಗಿತ್ತು. ಈಳಿಗೆಯ ತುದಿಯಲ್ಲಿ ಕಾಯಿ ತುರಿಯುವ ಹಲ್ಲು. ನನಗೆ ಹತ್ತು ವರ್ಷವಾದಾಗ ಅಜ್ಜಿ ಪಕ್ಕದಲ್ಲಿ ಕೂತು, ಬೆಂಡೆಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲಗಿನ ಕಡೆಗೆ ತಳ್ಳುವುದನ್ನು ಕಲಿಸಿದರು.

‘ಆನ್ ಈಳಿಗೆಮಣೆ ಈಸ್ ಯೂಜ಼್ಡ್ ಟು ಕಟ್ ವೆಜಿಟಬಲ್ಸ್.’ ಈಳಿಗೆಮಣೆಯನ್ನು ತರಕಾರಿ ಹೆಚ್ಚಲು ಬಳಸುತ್ತಾರೆ.
‘ಐ ಯೂಸ್ಡ್ ಟು ಕಟ್ ವೆಜಿಟಬಲ್ಸ್ ಆನ್ ಆನ್ ಈಳಿಗೆಮಣೆ.’ ಮೊದಲೆಲ್ಲ ಈಳಿಗೆಮಣೆಯಲ್ಲಿ ಹೆಚ್ಚುತ್ತಿದ್ದೆ, ಈಗ ಚಾಕು ಹಿಡಿದಿದ್ದೇನೆ.
‘ಮೈ ಮದರ್ ಈಸ್ ಯೂಸ್ಡ್ ಟು ಕಟಿಂಗ್ ವೆಜಿಟಬಲ್ಸ್ ಆನ್ ಇಟ್.’ ಅಮ್ಮನಿಗೆ ಅದರಲ್ಲಿ ಹೆಚ್ಚುವುದು ರೂಢಿಯಾಗಿದೆ, ಚಾಕು ಕೊಟ್ಟರೆ ಅವರಿಗೆ ಕೈ ಓಡುವುದಿಲ್ಲ.

ಬರಹದಲ್ಲಿ ಮೂರೂ ಒಂದೇ ತರಹ ಕಾಣುತ್ತವೆ, ಕಿವಿಗೆ ಮಾತ್ರ ಬೇರೆ. ಗಂಟಲ ಮೇಲೆ ಎರಡು ಬೆರಳಿಟ್ಟು ‘ಸ್ಸ್ಸ್’ ಎನ್ನಿ: ಗಂಟಲು ಸುಮ್ಮನಿರುತ್ತದೆ. ಈಗ ದುಂಬಿ ಗುಂಯ್‌ಗುಟ್ಟಿದ ಹಾಗೆ ‘ಜ಼್ಜ಼್ಜ಼್’ ಎನ್ನಿ: ಬೆರಳಿಗೆ ನಡುಕ ಸಿಗುತ್ತದೆ. ‘ಬಳಸುತ್ತಾರೆ’ ಎಂಬ ಅರ್ಥದಲ್ಲಿ ಆ ನಡುಕ ಇರಬೇಕು, ‘ಯೂಜ಼್ಡ್’. ರೂಢಿಯ ಎರಡು ಅರ್ಥಗಳಲ್ಲೂ ನಡುಕ ಇರಬಾರದು. ಅಲ್ಲಿ ಸ ಬರುತ್ತದೆ. ಡಿ ಅಕ್ಷರ ಮುಂದಿನ ‘ಟು’ವಿನಲ್ಲಿ ಕರಗಿ, ಎರಡು ಪದ ಒಂದಾಗಿ ‘ಯೂಸ್ಟು’ ಎಂದು ಕೇಳುತ್ತದೆ. ನಮ್ಮವರು ಹೆಚ್ಚಾಗಿ ಮೂರಕ್ಕೂ ‘ಯೂಜ್ಡ್ ಟು’ ಎನ್ನುತ್ತಾರೆ. ಅರ್ಥವಾಗುವುದಿಲ್ಲ ಎಂದೇನಲ್ಲ, ಆದರೆ ‘ಯೂಸ್ಟು’ ಎಂದು ಒಂದೇ ಉಸಿರಿನಲ್ಲಿ ಹೇಳುವುದು ರೂಢಿಯಾದರೆ ಅರ್ಥವೂ ತಾನೇ ಬೇರೆಯಾಗಿ ಮನಸ್ಸಿನಲ್ಲಿ ನಿಲ್ಲುತ್ತದೆ.

ಒಂದೇ ಪದಕ್ಕೆ ಬಳಸುವುದು, ರೂಢಿ ಎರಡೂ ಅರ್ಥ ಯಾಕೆ ಎಂದರೆ, ಅದು ಲ್ಯಾಟಿನ್ ಮೂಲದಿಂದ ಫ್ರೆಂಚ್ ದಾರಿಯಾಗಿ ಬಂದದ್ದು, ಮೂಲದಲ್ಲೇ ಎರಡೂ ಅರ್ಥಗಳಿದ್ದವು. ನಮಗೆ ಇದು ವಿಚಿತ್ರವೆನಿಸಬೇಕಾಗಿಲ್ಲ. ‘ಈ ನೀರು ಬಳಕೆಗೆ’ ಎನ್ನುವಾಗಿನ ‘ಬಳಕೆ’ ಒಂದು, ‘ಆ ಮನೆಯವರು ನಮಗೆ ಬಳಕೆ’ ಎನ್ನುವಾಗಿನ ‘ಬಳಕೆ’ ಇನ್ನೊಂದು. ಬಳಸುತ್ತ ಬಳಸುತ್ತ ಪರಿಚಯ ಬೆಳೆಯುತ್ತದೆ ಎಂಬುದನ್ನು ಎರಡೂ ಭಾಷೆಗಳು ಒಂದೊಂದು ಪದದೊಳಗೇ ಇಟ್ಟುಕೊಂಡಿವೆ.

ಹೆಜ್ಜೆ 8: ವರ್ಷ ಎಣಿಸಿದಿರಾ? ಹಾಗಾದರೆ ಬೇಡ

‘ಐ ಯೂಸ್ಡ್ ಟು ಲಿವ್ ಇನ್ ಹುಬ್ಬಳ್ಳಿ ಫಾರ್ ಫೈವ್ ಇಯರ್ಸ್’ ಎಂದು ಬಯೋಡೇಟಾಗಳಲ್ಲಿ ಬಹಳ ಬರೆಯುತ್ತಾರೆ. ಎಷ್ಟು ವರ್ಷ, ಎಷ್ಟು ಸಲ ಎಂದು ಒಟ್ಟು ಲೆಕ್ಕ ಕೊಟ್ಟ ಮೇಲೆ ಅದು ರೂಢಿಯ ಮಾತಲ್ಲ, ಅಳತೆ ಮಾಡಿ ಮುಗಿಸಿದ ಮಾತು. ಸಾದಾ ಭೂತಕಾಲವೇ ಸರಿ: ‘ಐ ಲಿವ್ಡ್ ಇನ್ ಹುಬ್ಬಳ್ಳಿ ಫಾರ್ ಫೈವ್ ಇಯರ್ಸ್’. ‘ಧರ್ಮಸ್ಥಳಕ್ಕೆ ಮೂರು ಸಲ ಹೋಗಿದ್ದೆ’ ಎಂಬುದಕ್ಕೂ ‘ಯೂಸ್ಡ್ ಟು’ ಬೇಡ. ಆದರೆ ‘ವರ್ಷಕ್ಕೆ ಮೂರು ಸಲ ಹೋಗುತ್ತಿದ್ದೆವು’ ಎಂದರೆ ಬೇಕು. ‘ವರ್ಷಕ್ಕೆ’ ಎಂದ ಕೂಡಲೇ ಮತ್ತೆ ರೂಢಿಯಾಯಿತಲ್ಲ. ‘ಮೊದಲೆಲ್ಲ’ ಸೇರಿಸಿ ನೋಡಿದರೆ ಇಲ್ಲೂ ಉತ್ತರ ಸಿಗುತ್ತದೆ.

‘ವುಡ್’ ಬಗ್ಗೆಯೂ ಒಂದು ಮಾತು. ಹಳೆಯ ನೆನಪುಗಳನ್ನು ಹೇಳುತ್ತ ಹೋಗುವಾಗ ಪ್ರತಿ ವಾಕ್ಯಕ್ಕೂ ‘ಯೂಸ್ಡ್ ಟು’ ಹಚ್ಚಿದರೆ ಕೇಳುವವರಿಗೆ ಬೇಸರ. ಮೊದಲ ವಾಕ್ಯದಲ್ಲಿ ಅದನ್ನು ಹೇಳಿ, ಮುಂದಿನವುಗಳಲ್ಲಿ ‘ವುಡ್’ಗೆ ಇಳಿಯಬಹುದು: ‘ವಿ ಯೂಸ್ಡ್ ಟು ಸ್ಪೆಂಡ್ ಸಮ್ಮರ್ಸ್ ಅಟ್ ಅಜ್ಜೀಸ್ ಹೌಸ್. ವಿ ವುಡ್ ಸ್ವಿಮ್ ಇನ್ ದಿ ರಿವರ್ ಆಲ್ ಮಾರ್ನಿಂಗ್’. ಆದರೆ ಕೆಲಸಕ್ಕೆ ಮಾತ್ರ ‘ವುಡ್’ ಆಗುತ್ತದೆ, ಸ್ಥಿತಿಗೆ ಆಗುವುದಿಲ್ಲ. ಈಜುವುದು ಕೆಲಸ, ಅದಕ್ಕೆ ‘ವುಡ್’ ಸರಿ. ‘ನಮ್ಮಲ್ಲಿ ಎಮ್ಮೆ ಇತ್ತು’ ಎಂಬುದು ಸ್ಥಿತಿ, ಅದಕ್ಕೆ ‘ವಿ ಯೂಸ್ಡ್ ಟು ಹ್ಯಾವ್ ಎ ಬಫೆಲೊ’ ಎಂದೇ ಹೇಳಬೇಕು.

ಇನ್ನು ಅಭ್ಯಾಸಕ್ಕೆ

ಕೆಳಗಿನ ವಾಕ್ಯಗಳನ್ನು ಬಾಯಿಬಿಟ್ಟು ಇಂಗ್ಲಿಷಿನಲ್ಲಿ ಹೇಳಿ. ಉತ್ತರ ಮುಂದಿದೆ, ಈಗಲೇ ನೋಡಬೇಡಿ.

ಅಪ್ಪ ಮೊದಲೆಲ್ಲ ಸೈಕಲ್ಲಿನಲ್ಲಿ ಆಫೀಸಿಗೆ ಹೋಗುತ್ತಿದ್ದರು.
ನೀನು ಫೋನ್ ಮಾಡಿದಾಗ ನಾನು ಅಡುಗೆ ಮಾಡುತ್ತಿದ್ದೆ.
ನನಗೆ ರಾತ್ರಿ ಪಾಳಿ ಅಭ್ಯಾಸ ಆಗಿದೆ.
ಅವರು ಇಲ್ಲಿನ ಟ್ರಾಫಿಕ್ಕಿಗೆ ಇನ್ನೂ ಒಗ್ಗಿಕೊಳ್ಳುತ್ತಿದ್ದಾರೆ.
ನಾವು ಮೊದಲು ಬಾಟಲಿ ನೀರು ಕೊಳ್ಳುತ್ತಿರಲಿಲ್ಲ.
ನಾನು ದಿನಾ ಬೆಳಿಗ್ಗೆ ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ.

ಮೊದಲನೆಯದು ‘ಮೈ ಫಾದರ್ ಯೂಸ್ಡ್ ಟು ಸೈಕಲ್ ಟು ವರ್ಕ್’. ಎರಡನೆಯದು ಆ ಹೊತ್ತಿನದು, ‘ಐ ವಾಸ್ ಕುಕಿಂಗ್ ವೆನ್ ಯು ಕಾಲ್ಡ್’. ಮೂರನೆಯದು ‘ಐ ಆಮ್ ಯೂಸ್ಡ್ ಟು ನೈಟ್ ಶಿಫ್ಟ್ಸ್’, ಅಥವಾ ‘ಯೂಸ್ಡ್ ಟು ವರ್ಕಿಂಗ್ ನೈಟ್ಸ್’. ನಾಲ್ಕನೆಯದು ‘ದೇ ಆರ್ ಸ್ಟಿಲ್ ಗೆಟ್ಟಿಂಗ್ ಯೂಸ್ಡ್ ಟು ದಿ ಟ್ರಾಫಿಕ್ ಹಿಯರ್’. ಐದನೆಯದು ‘ವಿ ಡಿಡಂಟ್ ಯೂಸ್ ಟು ಬೈ ಬಾಟಲ್ಡ್ ವಾಟರ್’, ಇಲ್ಲವೇ ‘ನೆವರ್’ ಹಾಕಿ ‘ವಿ ನೆವರ್ ಯೂಸ್ಡ್ ಟು ಬೈ ಬಾಟಲ್ಡ್ ವಾಟರ್’.

ಆರನೆಯದು ಅತ್ತೆಯ ವಾಕ್ಯ. ಅವರೀಗ ವಿದೇಶಕ್ಕೆ ಹೊರಡುವ ಮೊದಲು ಮಾತ್ರೆಯ ಚೀಟಿಯ ಹಿಂದೆ ಕನ್ನಡ ಅಕ್ಷರದಲ್ಲೇ ಬರೆದಿಟ್ಟುಕೊಳ್ಳುತ್ತಾರೆ: ‘ಐ ಟೇಕ್ ಒನ್ ಟ್ಯಾಬ್ಲೆಟ್ ಎವ್ರಿ ಮಾರ್ನಿಂಗ್’.